ಗೌಸನ ಗಿಟಾರಿನ ಜೋಡಿ ಸುರುಳಿ

ಆಳಂದದ ಗೌಸಮೊಹಿದ್ದೀನನಿಗೆ ವಾಚು ರಿಪೇರಿ ಹೊಟ್ಟೆಪಾಡು. ಮದುವೆಯ ದಿನಗಳಲ್ಲಿ ಜಗದೇವಪ್ಪನ ಆರ್ಕೆಸ್ಟ್ರಾದಲ್ಲಿ ಗಿಟಾರು. ಹಳೇ ವಿಲಾಯತಿ ನಮೂನೆ ನೋಡಿ ಮುಂಬೈಯ ಯಾವನೋ ಬಡಗಿ ಮಾಡಿದ ಗಿಟಾರು ಅದು. ಅದರ ಪಿಕಪ್ಪು, ಅಂದರೆ ತಂತಿಯ ನಡುಕ ಹಿಡಿದು, ದನಿ ಹಿಗ್ಗಿಸುವ ಮಷೀನಿಗೆ ಕಳಿಸುವ ಅಯಸ್ಕಾಂತದ ತುಂಡು, ಟ್ಯೂಬ್‌ಲೈಟು ಹತ್ತಿದರೆ ಸಾಕು ಜೇನುಹುಳದಂತೆ ಗುಂಯ್‌ಗುಡುತ್ತಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ಹೊಸ ಪಿಕಪ್ಪು ತರಲು ಸೊಲ್ಲಾಪುರಕ್ಕೆ ಹೋದ. ಅಂಗಡಿಯವನು ಎರಡು ಪಿಕಪ್ಪು ಮುಂದಿಟ್ಟ. ಒಂದು ಹಳೆಯದರ ಜಾತಿಯದೇ, ಅಯಸ್ಕಾಂತಕ್ಕೆ ತಾಮ್ರದ ತಂತಿ ಸುತ್ತಿದ ಒಂಟಿ ಸುರುಳಿಯದು. ದನಿ ತೆಳು, ತಿಳಿ. ಇನ್ನೊಂದು ಜೋಡಿ ಸುರುಳಿಯದು. ಗುಂಯ್ ಇಲ್ಲ, ದನಿ ದಪ್ಪ, ಜೋರು.

"ಹಳೀ ನಮೂನಿ ಗಿಟಾರಕ್ಕ ಒಂಟೀದೇ ಒಪ್ಪತದ ನೋಡ್ರಿ," ಅಂದ ಅಂಗಡಿಯವನು.

ಆದರೆ ಜೋಡಿಯದನ್ನು ಬಾರಿಸಿ ನೋಡಿದಾಗ ಹಾದಿಹೋಕರು ನಿಂತು ಕೇಳಿದರು. ಗೌಸನ ಎದೆ ಉಬ್ಬಿತು. ಅದನ್ನೇ ತಂದು, ಗಿಟಾರಿನ ಕಟ್ಟಿಗೆ ಕೆತ್ತಿ ತಾನೇ ಕೂರಿಸಿದ. ಒಂದು ಮಾತು ಮರೆತಿದ್ದ. ಜಗದೇವಪ್ಪನ ಪಾರ್ಟಿಗೆ ಇದ್ದದ್ದು ಒಂದೇ ಮಷೀನು. ಹಾಡುವ ಬಾನುಬಿಯ ಮೈಕೂ ಗೌಸನ ಗಿಟಾರೂ ಅದಕ್ಕೇ ಸೇರಿ, ಮರಕ್ಕೆ ಕಟ್ಟಿದ ಒಂದೇ ಸ್ಪೀಕರು ಭೋಂಗಾದಿಂದ ಹೊರಬೀಳಬೇಕು.

ಬಾನುಬಿ ಪಾರ್ಟಿಯ ಹಾಡುಗಾತಿ, ಗೌಸನಿಗಿಂತ ಹಿರಿಯಳು; ಅವನ ಬಾಯಲ್ಲಿ ಆಪಾ, ಅಂದರೆ ಅಕ್ಕ. ಒಂದೊಂದು ಧಾಟಿಯನ್ನೂ ಗುನುಗಿ ಗುನುಗಿ ಅವನ ಬೆರಳಿಗೆ ಕೂರಿಸಿದವಳು ಅವಳೇ.

ನರೋಣಾದ ಮದುವೆ. ಅಕ್ಕಿಕಾಳು ಬಿದ್ದು ಪಂಕ್ತಿ ಕುಳಿತಾಗ ಬಾನುಬಿ ಹಾಡು ಎತ್ತಿದಳು. ಗಿಟಾರು ಸೇರಿದ್ದೇ ತಡ, ಅವಳ ದನಿ ಭೋಂಗಾದೊಳಗೇ ಮುಳುಗಿತು. ಏರಿಸಿದಳು, ಇನ್ನೂ ಏರಿಸಿದಳು; ಗಂಟಲ ನರ ಉಬ್ಬಿ ಕೊನೆಗೆ ದನಿ ಬಿರಿಯಿತು. ಪಂಕ್ತಿಯಲ್ಲಿ ನಗೆ ಎದ್ದಿತು.

"ಮುದಿಕಿಗಿ ನೀರ ಕುಡಸ್ರೋ! ಏ ಗಿಟಾರದಾಂವ, ನೀ ಹೊಡೀಪಾ!" ಎಂದು ಒಬ್ಬ ಕೂಗಿದ.

ದನಿ ತಗ್ಗಿಸುವ ಗುಂಡಿ ಗೌಸನ ಕಿರುಬೆರಳಿನ ಕೆಳಗೇ ಇತ್ತು. ತುಸು ತಿರುವಿದ್ದರೆ ಸಾಕಿತ್ತು. ಮಂದಿ ತನ್ನನ್ನೇ ನೋಡುತ್ತಿದ್ದಾರೆಂಬ ಸೊಕ್ಕಿನಲ್ಲಿ ತಿರುವಲಿಲ್ಲ.

ಸಾಮಾನು ಕಟ್ಟುವಾಗ ಜಗದೇವಪ್ಪ ಅಂದ: "ಗಂಟಲಾ ಹೋಯ್ತಲ್ಲಬೇ ಬಾನುಬಿ ನಿಂದು. ಕಿಣ್ಣಿ ಸುಲ್ತಾನ ಊರಾಗಿನ ಮದುವಿಗಿ ಬ್ಯಾರೆ ಹುಡುಗೀನ್ನ ಕರಸ್ತೀನಿ."

"ವಯಸ್ಸಾತ್ರಿ," ಅಂದಳು ಬಾನುಬಿ.

ಗೌಸ ವೈರು ಸುತ್ತುತ್ತಿದ್ದ. ಸುತ್ತಿ ಮುಗಿದದ್ದನ್ನು ಬಿಚ್ಚಿ ಮತ್ತೆ ಸುತ್ತಿದ.

ಮರುದಿನ ಗೌಸ ವಾಚು ರಿಪೇರಿಗೆ ಕೂರಲಿಲ್ಲ. ಕೆತ್ತಿದ ತೂತಿಗೆ ಕಟ್ಟಿಗೆಯ ಚೂರು ಬಡಿದು ಹಳೇ ಪಿಕಪ್ಪನ್ನೇ ಕೂರಿಸಿಕೊಂಡು ಅವಳ ಮನೆಗೆ ಹೋದ. ಬಾನುಬಿ ಜೋಳ ಹಸನು ಮಾಡುತ್ತಿದ್ದಳು.

"ಆಪಾ, ಹಳೇದೇ ಹಾಕೀನ್ರಿ. ಇನ್ನ ನಿಮ್ಮ ದನಿ ಕೇಳಸ್ತದ."

ಅವಳು ಮೊರದಿಂದ ಕಣ್ಣೆತ್ತಲಿಲ್ಲ. "ಅದರದೇನ್ ತಪ್ಪಲೇ ಗೌಸ್ಯಾ? ಗುಂಡಿ ನಿನ್ನ ಕೈಯಾಗಿತ್ತು. ಒಮ್ಮಿಯರ ನನ್ನ ಕಡಿ ಹೊಳ್ಳತಿ ಏನೋ ಅಂತ ನಾ ನಿನ್ನ ನೋಡಾಕತ್ತಿದ್ದೆ. ನೀ ಮಂದೀನ್ನ ನೋಡಾಕತ್ತಿದ್ದಿ."

ಗೌಸನ ಮುಖ ಸುಟ್ಟ ಬದನೆಕಾಯಿಯಾಯಿತು. ಅಲ್ಲಿಂದ ನೆಟ್ಟಗೆ ಜಗದೇವಪ್ಪನ ಅಂಗಡಿಗೆ ಹೋಗಿ, ಚಹಾ ಕುಡಿಯುತ್ತ ಕುಳಿತವರ ಮುಂದೆಯೇ ಅಂದ: "ಆಪಾನ ಗಂಟಲಾ ಕೆಟ್ಟಿರಲಿಲ್ರಿ ಮಾಲಕರ. ಅವರ ದನಿ ನಾನೇ ಮುಚ್ಚಿದ್ದೆ."

"ಅವತ್ತ ನಿನ್ನ ಬಾಯಿಗಿ ಏನ್ ಬಡದಿತ್ತಲೇ?"

ಜಗದೇವಪ್ಪ ಕೈಲಿದ್ದ ಚಹಾದ ಬಟ್ಟಲು ಕೆಳಗಿಟ್ಟ.

"ಹೊಸ ಹುಡುಗಿಗಿ ಮಾತ ಕೊಟ್ಟೀನಿ. ಈಗ ಹ್ಯಾಂಗ ಬ್ಯಾಡ ಅನ್ಲಿ?" ಅಂದ ಜಗದೇವಪ್ಪ.

ಕಿಣ್ಣಿ ಸುಲ್ತಾನದ ಮದುವೆಯಲ್ಲಿ ಗೌಸ ತೆಳ್ಳಗೆ ಬಾರಿಸಿದ. ಹೊಸ ಹುಡುಗಿಯ ದನಿ ಊರಿಗೆಲ್ಲ ನಿಚ್ಚಳವಾಗಿ ಕೇಳಿತು. ಗಿಟಾರದವನ ಕೈ ಭಾಳ ಹದ ಎಂದು ಹಿರಿಯರು ಹೊಗಳಿದರು. ಅವನು ಕತ್ತು ಎತ್ತಲಿಲ್ಲ.