ಮೂರು ಸಲ ಕೂಗಿದ ಹೆಸರು

ನಮ್ಮ ಸೋದರಮಾವನಿಗೆ ಎಲ್ಲರೂ ಗೋಂದು ಎನ್ನುತ್ತಿದ್ದರು. ಕೋರ್ಟಿನಲ್ಲಿ ನೋಟೀಸು ಜಾರಿ ಮಾಡುವ ಕೆಲಸ. ಮೂವತ್ತೊಂದು ವರ್ಷ ಹೆಗಲಿಗೆ ಚೀಲ, ಚೀಲದಲ್ಲಿ ಗೋಂದಿನ ಡಬ್ಬಿ, ಡಬ್ಬಿಯಲ್ಲಿ ಒರಟು ಕುಂಚ ಇಟ್ಟುಕೊಂಡು ಓಡಾಡಿದ ಮನುಷ್ಯ. ಅವನು ಅಂಟಿಸಿದ ಕಾಗದ ಕೀಳಲು ಹೋದರೆ ಗೋಡೆಯ ಸುಣ್ಣ ಕಿತ್ತು ಬರುತ್ತಿತ್ತೇ ಹೊರತು ಕಾಗದ ಬರುತ್ತಿರಲಿಲ್ಲ. ಈಗ ಅರವತ್ತೆಂಟು ವಯಸ್ಸು. ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಕಿಟಕಿ ಪಕ್ಕದ ಮಂಚ ಅವನದು. ಮೊದಲು ಅದು ಅಮ್ಮನದಾಗಿತ್ತು. ಅವಳೀಗ ನೆಲದ ಮೇಲೆ ಮಲಗುತ್ತಾಳೆ, ತಮ್ಮನಿಗೆ ಸೊಂಟ ನೋವಂತೆ. ಎಪ್ಪತ್ತೈದಾದ ಅವಳಿಗೆ ಸೊಂಟವೇ ಇಲ್ಲವೇನೋ!

ಅವನನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವನು ಸತ್ತಮೇಲೆ ಬರೆಯುವುದಾಗಿದ್ದರೆ ನಾಲ್ಕು ಒಳ್ಳೆಯ ಮಾತು ಸೇರಿಸಬೇಕಾಗುತ್ತಿತ್ತು. ಪುಣ್ಯಕ್ಕೆ ಗುಂಡುಕಲ್ಲಿನ ಹಾಗಿದ್ದಾನೆ.

ನಾವು ಇದ್ದದ್ದು ಸುಣ್ಣದಗೂಡಿನಲ್ಲಿ. ಹಿಂದೆ ಅಲ್ಲಿ ಸುಣ್ಣ ಸುಡುವ ಗೂಡು ಇತ್ತು, ಹಾಗಾಗಿ ಸುಣ್ಣದಗೂಡು. ಎಷ್ಟು ಸರಳ! ಆದರೆ ನಮ್ಮ ಊರಿನಲ್ಲಿ ಪ್ರತಿ ಜಾಗಕ್ಕೂ ಎರಡು ಹೆಸರು. ಒಂದು ಅಲ್ಲಿ ಬದುಕುವವರು ಕರೆಯುವುದು. ಇನ್ನೊಂದು ಅಲ್ಲಿಗೆ ಕಾಲಿಡದವರು ಇಂಗ್ಲಿಷಿನಲ್ಲಿ ಇಟ್ಟದ್ದು. ನಮ್ಮ ಮೂರುಬಾವಿ ಕಾಗದದಲ್ಲಿ ಕ್ವೀನ್ಸ್ ಕಾರ್ನರ್. ಯಾವ ರಾಣಿ ಯಾವತ್ತು ಅಲ್ಲಿ ನೀರು ಸೇದಿದಳೋ ಕಾಣೆ. ಜಾರುಬಂಡೆ ಓಣಿಯಲ್ಲಿ ಕಾಲು ಮುರಿದುಕೊಂಡವರಿಲ್ಲದ ಮನೆಯೇ ಇಲ್ಲ, ಅದು ಗ್ಲೆನ್ ರೋಡ್. ಗೂಡಿನ ಕಂಪನಿಯ ಮ್ಯಾನೇಜರು ಯಾವನೋ ತನ್ನ ಬಂಗಲೆಯಲ್ಲಿ ಕೂತು, ನಕ್ಷೆಯ ಮೇಲೆ ಪೆನ್ಸಿಲ್ ಇಟ್ಟು ಬರೆದ ಹೆಸರುಗಳಂತೆ. ಕಂಪನಿ ಮುಚ್ಚಿತು, ಮ್ಯಾನೇಜರು ಮಣ್ಣಾದ, ಹೆಸರುಗಳು ಮಾತ್ರ ಸರ್ಕಾರದ ಕಪಾಟಿನಲ್ಲಿ ಉಳಿದವು. ಸುಣ್ಣದಗೂಡಿಗೂ ಅಂಥದೊಂದು ಹೆಸರಿದೆ ಎಂದು ನಮ್ಮ ನಲವತ್ತೆರಡು ಮನೆಗಳಲ್ಲಿ ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಗೊತ್ತಿರಲಿಲ್ಲ ಎಂದೇ ಒಂಬತ್ತು ವರ್ಷ ನಂಬಿದ್ದೆವು.

ಸುಣ್ಣದಗೂಡಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅಮ್ಮನ ಇಸ್ತ್ರಿ ಮೇಜು. ನನ್ನ ಅಪ್ಪ ತೀರಿಕೊಂಡಮೇಲೆ ಆ ಮೇಜಿನ ಮೇಲೆಯೇ ನನ್ನನ್ನು ಬೆಳೆಸಿದಳು. ಅದಕ್ಕೂ ಮುಂಚೆ ತಮ್ಮನನ್ನು ಬೆಳೆಸಿದವಳೂ ಅವಳೇ. ತಂದೆತಾಯಿ ಇಬ್ಬರೂ ಬೇಗ ಹೋದರು. ಹದಿನಾಲ್ಕನೇ ವಯಸ್ಸಿಗೆ ಅವಳು ಗೂಡಿನಲ್ಲಿ ಸುಣ್ಣ ಜರಡಿ ಹಿಡಿಯಲು ನಿಂತಳು. ತಮ್ಮನಿಗೆ ಆಗ ಏಳು ವರ್ಷ. ಕಂಪನಿಯವರು ಒಂದೊಂದು ಓಣಿಯಿಂದ ಒಬ್ಬೊಬ್ಬ ಹುಡುಗನನ್ನು ಆರಿಸಿ ಹೊಳೆಯಾಚೆಯ ತಮ್ಮ ಇಂಗ್ಲಿಷ್ ಶಾಲೆಗೆ ಸೇರಿಸಿಕೊಂಡಾಗ, ನಮ್ಮ ಓಣಿಯಿಂದ ಹೋದವನು ಅವನೊಬ್ಬನೇ. ಅಲ್ಲೇ ಊಟ, ಅಲ್ಲೇ ಹಾಸ್ಟೆಲು. ತಿಂಗಳಿಗೊಮ್ಮೆ ಮನೆ. ಬಂದಾಗ ಅಕ್ಕ ಕೇಳುತ್ತಿದ್ದಳಂತೆ, "ಅಲ್ಲಿ ನಿನ್ನನ್ನ ಏನಂತ ಕರೀತಾರೋ?" ಅವನು "ಹೆಸರು ಹಿಡಿದೇ ಕರೀತಾರೆ ಕಣಕ್ಕ, ಇನ್ನೇನಂತ ಕರೀತಾರೆ?" ಎನ್ನುತ್ತಿದ್ದನಂತೆ. ಅಮ್ಮ ಇದನ್ನು ಸಾವಿರ ಸಲ ಹೇಳಿದ್ದಾಳೆ, ಪ್ರತಿ ಸಲವೂ ಹೆಮ್ಮೆಯಿಂದ. ಸುಣ್ಣದ ಪುಡಿಯಿಂದ ಅವಳ ಎಡಗಣ್ಣು ಮಂಜಾಗಿದೆ. ಅದನ್ನು ಮಾತ್ರ ಒಂದು ಸಲವೂ ಹೇಳಿಕೊಂಡಿಲ್ಲ.

ಓದಿ ಬಂದವನು ಕೋರ್ಟು ಸೇರಿದ, ಹೆಂಡತಿ ಮಾಡಿಕೊಂಡ, ಪೇಟೆಯಲ್ಲಿ ಮನೆ ಮಾಡಿದ. ಬಗಲಲ್ಲಿ ಇಂಗ್ಲಿಷ್ ಪೇಪರು ಸಿಕ್ಕಿಸಿಕೊಂಡು ಬಂದು ನಮ್ಮ ಮನೆಯ ಟೀ ಕುಡಿದು ಹೋಗುತ್ತಿದ್ದ. ಓಣಿಯವರ ಕಾಗದಪತ್ರ ಓದಿ ಹೇಳುವಾಗ ಅವನ ಮೂಗು ಸೂರು ಮುಟ್ಟುತ್ತಿತ್ತು.

ಅವನ ಕೆಲಸಕ್ಕೊಂದು ಕಟ್ಟಳೆ ಇತ್ತು. ನೋಟೀಸಿನಲ್ಲಿ ಬರೆದ ಜಾಗಕ್ಕೆ ಹೋಗಬೇಕು. ಅದರಲ್ಲಿ ಯಾವ ಹೆಸರಿದೆಯೋ ಅದನ್ನೇ, ಒಂದಕ್ಷರ ಹೆಚ್ಚು ಕಡಿಮೆ ಮಾಡದೆ, ಗಟ್ಟಿಯಾಗಿ ಮೂರು ಸಲ ಕೂಗಬೇಕು. ಯಾರಾದರೂ ಓಗೊಟ್ಟು ಬಂದರೆ ಅವರ ಕೈಗೆ ಕೊಡಬೇಕು. ಬರದಿದ್ದರೆ ಹತ್ತಿರದ ಗೋಡೆಗೆ ಅಂಟಿಸಿ, 'ಕೂಗಿದೆ, ಯಾರೂ ಓಗೊಡಲಿಲ್ಲ' ಎಂದು ಬರೆದುಕೊಂಡು ಬರಬೇಕು. ಅಲ್ಲಿಗೆ ಜಾರಿಯಾದ ಹಾಗೆ.

ಒಂಬತ್ತು ವರ್ಷದ ಹಿಂದೆ ಒಂದು ಮಂಗಳವಾರ ಬೆಳಿಗ್ಗೆ ಅವನು ನಮ್ಮ ಓಣಿಯ ತುದಿಯಲ್ಲಿ, ಪಂಪಿನ ಮನೆಯ ಹತ್ತಿರ ನಿಂತು ಕೂಗಿದ. "ನಾರ್ತ್ ಪ್ರಾಸ್ಪೆಕ್ಟ್! ನಾರ್ತ್ ಪ್ರಾಸ್ಪೆಕ್ಟ್! ನಾರ್ತ್ ಪ್ರಾಸ್ಪೆಕ್ಟ್ ನಿವಾಸಿಗಳು ಯಾರಿದ್ದೀರಿ?" ನಾನು ತಲೆ ಬಾಚಿಕೊಳ್ಳುತ್ತಿದ್ದೆ. ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ಹಿಡಿದು ಕಿವಿಗೊಟ್ಟಳು.

"ನಿಮ್ಮ ಮಾವ ಕಣೇ! ಯಾರನ್ನ ಕೂಗ್ತಿದಾನೋ ಪಾಪ."

"ಯಾವನೋ ದೊರೆಮಗ ತಪ್ಪಿಸ್ಕೊಂಡು ನಮ್ಮ ಓಣಿಗೆ ಬಂದಿರ್ಬೇಕಮ್ಮ," ಎಂದು ನಾನೇ ನಕ್ಕೆ. ಹೌದು, ನಕ್ಕಿದ್ದು ನಾನೇ. ಅದನ್ನು ನೆನೆದರೆ ಇವತ್ತಿಗೂ ಕೆನ್ನೆಗೆ ಹೊಡೆದುಕೊಳ್ಳೋಣ ಎನಿಸುತ್ತದೆ.

ಐದು ನಿಮಿಷಕ್ಕೆ ಮಾವ ಒಳಗೆ ಬಂದ. ಬೆರಳಿಗೆ ಗೋಂದು ಅಂಟಿತ್ತು. ಅಮ್ಮ ನೀರು ಕೊಟ್ಟಳು, ಕೈ ತೊಳೆದ. ಟೀ ಕೊಟ್ಟಳು, ಕುಡಿದ. "ಯಾರಿಗೋ ನೋಟೀಸು?" ಎಂದು ಕೇಳಿದಳು. "ಯಾರಿಗೋ ಏನೋ ಬಿಡಕ್ಕ, ದಿನಾ ಇದ್ದದ್ದೇ," ಎಂದ. ಇನ್ನೊಂದು ಲೋಟ ಹಾಕಿಸಿಕೊಂಡು ಕುಡಿದು ಹೋದ.

ಪಂಪಿನ ಮನೆಯ ಗೋಡೆಯ ಆ ಕಾಗದವನ್ನು ದಾಟಿಕೊಂಡೇ ನಾನು ದಿನವೂ ಕೆಲಸಕ್ಕೆ ಹೋದೆ. ಇಂಗ್ಲಿಷನ್ನು ಅಕ್ಷರ ಕೂಡಿಸಿಕೊಂಡು ಓದುವಷ್ಟು ನನಗೂ ಬರುತ್ತದೆ. ಆದರೆ ಬೇರೆ ಯಾವುದೋ ಊರಿನ ಹೆಸರಿದ್ದ ಕಾಗದವನ್ನು ನಿಂತು ಯಾರು ಓದುತ್ತಾರೆ? ಅದರಲ್ಲಿದ್ದದ್ದು ಇಷ್ಟು: ನಾರ್ತ್ ಪ್ರಾಸ್ಪೆಕ್ಟ್‌ನ ಜಮೀನು ತೆರವಾಗಲಿದೆ, ಮೂವತ್ತು ದಿನದೊಳಗೆ ಬಂದು ಹೆಸರು ಬರೆಸಿದವರಿಗೆ ಬದಲಿ ಮನೆ ಸಿಗುತ್ತದೆ, ಬರೆಸದವರಿಗೆ ಇಲ್ಲ. ನಲವತ್ತೆರಡು ಮನೆಯಲ್ಲಿ ಒಬ್ಬರೂ ಬರೆಸಲಿಲ್ಲ. ಐವತ್ತನೇ ದಿನ ಯಂತ್ರಗಳು ಬಂದವು. ಇಸ್ತ್ರಿ ಮೇಜನ್ನು ಹೊರಗೆ ತರುವಷ್ಟರಲ್ಲಿ ಒಂದು ಗೋಡೆ ಬಿದ್ದಾಗಿತ್ತು, ಮೇಜು ಅದರಡಿ ಹೋಯಿತು. ವಕೀಲರ ಹತ್ತಿರ ಓಡಿದೆವು. ಅವರು ಕಾಗದ ತಿರುವಿ ಹಾಕಿ ಹೇಳಿದರು, "ನಾರ್ತ್ ಪ್ರಾಸ್ಪೆಕ್ಟ್ ಅಂದ್ರೆ ನಿಮ್ಮ ಸುಣ್ಣದಗೂಡೇ. ಮೂರು ಸಲ ಕೂಗಿದಾರಲ್ಲಮ್ಮ, ನೀವ್ಯಾಕೆ ಓಗೊಡಲಿಲ್ಲ?"

ಅಮ್ಮ ತಮ್ಮನನ್ನೇ ಕೇಳಿದಳು. ಅವನು ತಲೆಮೇಲೆ ಕೈ ಹೊತ್ತು ಕೂತ. "ಅಕ್ಕಾ, ನಿನ್ನಾಣೆ, ಆ ಹೆಸರನ್ನ ನಾನು ಹುಟ್ಟಿದಾಗಿಂದ ಕೇಳಿಲ್ಲ. ಸರ್ವೆಯವನು ಜೊತೆಗೆ ಬಂದು ಇಲ್ಲಿ ನಿಂತು ಕೂಗು ಅಂದ. ಹಿಂದುಗಡೆ ಬೋಳು ಗುಡ್ಡ ಇದೆಯಲ್ಲ, ಅದಕ್ಕಿರ್ಬೇಕು ಅಂದ್ಕೊಂಡೆ." ಅಮ್ಮ ನಂಬಿದಳು. ಅಕ್ಕನ ಮೇಲೆ ಆಣೆ ಇಟ್ಟ ತಮ್ಮನನ್ನು ನಂಬದೆ ಇನ್ನೇನು ಮಾಡಿಯಾಳು? ಎರಡು ತಿಂಗಳಿಗೆ ಅವನಿಗೆ ಬಡ್ತಿ ಸಿಕ್ಕಿತು. ಅದೂ ಕಾಕತಾಳೀಯವಂತೆ. ಮರುವರ್ಷ ನಿವೃತ್ತಿ, ಆಮೇಲೆ ಹೆಂಡತಿ ತೀರಿಕೊಂಡಳು, ಮಗಳು ಗಂಡನ ಮನೆ ಸೇರಿದಳು. ಅಮ್ಮ ಹೋಗಿ ತಮ್ಮನನ್ನು ಕರೆದುಕೊಂಡು ಬಂದಳು.

"ಅಲ್ಲಮ್ಮ, ಮನೆ ಕಳೆದವನಿಗೇ ಮಂಚ ಬಿಟ್ಟುಕೊಡ್ತೀಯಲ್ಲ, ನಿನಗೇನಾದ್ರೂ ಬುದ್ಧಿ ನೆಟ್ಟಗಿದೆಯಾ?"

"ಅವನಿಗೆ ಗೊತ್ತಿರ್ಲಿಲ್ಲ ಕಣೇ. ಗೊತ್ತಿದ್ರೆ ಹೇಳದೆ ಇರ್ತಿದ್ನಾ? ಒಡಹುಟ್ಟಿದವನು."

ಈ ಮಾತು ಏಳು ವರ್ಷ ನಡೆಯಿತು. ಊಟದ ತಟ್ಟೆ ಮೊದಲು ಅವನಿಗೆ, ಬಿಸಿನೀರು ಮೊದಲು ಅವನಿಗೆ. ನಾನು ಹಲ್ಲು ಕಚ್ಚಿಕೊಂಡಿದ್ದೆ. ಅನುಮಾನಕ್ಕೆ ಆಧಾರ ಬೇಕಲ್ಲ, ನನ್ನ ಹತ್ತಿರ ಇದ್ದದ್ದು ಹೊಟ್ಟೆಯುರಿ ಒಂದೇ.

ನನ್ನದು ಬೈಂಡಿಂಗ್ ಅಂಗಡಿಯಲ್ಲಿ ಕೆಲಸ. ಹಳೆಯ ರಿಜಿಸ್ಟರುಗಳ ಹೊಲಿಗೆ ಬಿಚ್ಚಿ, ಹಾಳೆ ಜೋಡಿಸಿ, ಮತ್ತೆ ಹೊಲಿದು ರಟ್ಟು ಹಾಕುವುದು. ಗೋಂದಿನ ಜೊತೆ ನನಗೂ ದಿನವಿಡೀ ಒಡನಾಟ, ಆದರೆ ನಾನು ಅಂಟಿಸಿದ್ದರಿಂದ ಯಾರ ಮನೆಯೂ ಬಿದ್ದಿಲ್ಲ. ಹೋದ ವಾರ ಹೊಳೆಯಾಚೆಯ ಶಾಲೆಯಿಂದ ಒಂದು ಹೊರೆ ಹಾಜರಿ ಪುಸ್ತಕ ಬಂತು. ಹಾಳೆಗಳು ಹಪ್ಪಳದಂತೆ ಮುರಿಯುತ್ತಿದ್ದವು. ಜೊತೆಗೆ ಬಂದ ಶಾಲೆಯ ಮುದಿ ಜವಾನ ಟೀ ಕುಡಿಯುತ್ತಾ ತಾನಾಗಿಯೇ ಮಾತು ತೆಗೆದ.

"ಆಗಿನ ಮೇಷ್ಟ್ರಿಗೆ ನಮ್ಮ ಹೆಸರೆಲ್ಲ ನಾಲಿಗೆ ಹೊರಳ್ತಿರ್ಲಿಲ್ಲಮ್ಮ. ಹುಡುಗರನ್ನ ಅವರವರ ಓಣಿ ಹೆಸರು, ಮನೆ ನಂಬರು ಹೇಳೇ ಕರೆಯೋರು. ಅದೂ ಇಂಗ್ಲಿಷ್ ಹೆಸರು. ಕ್ವೀನ್ಸ್ ಕಾರ್ನರ್ ಟೂ, ಗ್ಲೆನ್ ರೋಡ್ ಫೈವ್, ಹಿಂಗೆ. ಕರೆದ ತಕ್ಷಣ ಎದ್ದು ನಿಂತು ಪ್ರೆಸೆಂಟ್ ಸರ್ ಅನ್ನಬೇಕು. ಕೂತ್ಕೋ ಅನ್ನೋವರೆಗೂ ಕೂರಂಗಿಲ್ಲ. ತಡ ಆದ್ರೆ ಬೆತ್ತ."

ಹಾಗಾದರೆ ನಮ್ಮ ಮಾವನನ್ನೂ? ಒಂದೊಂದೇ ಪುಸ್ತಕ ತೆಗೆದೆ. ಅವಸರಕ್ಕೆ ಒಂದು ಹಾಳೆಯ ಮೂಲೆ ಹರಿಯಿತು, ಮಾಲೀಕ ಬೈದ, ನನಗೆ ಕೇಳಿಸಲೇ ಇಲ್ಲ. ನಾಲ್ಕನೇ ಪುಸ್ತಕದಲ್ಲಿ ಸಿಕ್ಕಿತು. ನಾರ್ತ್ ಪ್ರಾಸ್ಪೆಕ್ಟ್, ಹದಿನೇಳು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನಮ್ಮ ಮಾವನ ಹೆಸರು, ನಮ್ಮ ತಾತನ ಹೆಸರು. ಮುಂದೆ ಸಾಲಾಗಿ ಹಾಜರಿಯ ಗೀಟುಗಳು. ಹಾಗೇ ಐದನೇ ಪುಸ್ತಕ, ಆರನೇದು, ಹನ್ನೊಂದನೇದರ ತನಕ. ಎಂಟು ವರ್ಷ ದಿನಾ ಬೆಳಿಗ್ಗೆ ಆ ಹೆಸರಿಗೆ ಎದ್ದು ನಿಂತವನು, ಹುಟ್ಟಿದಾಗಿಂದ ಕೇಳಿಲ್ಲ ಎಂದು ಅಕ್ಕನ ಮೇಲೆ ಆಣೆ ಇಟ್ಟಿದ್ದ! ಒಂದು ಗಳಿಗೆ ಆ ಏಳು ವರ್ಷದ ಹುಡುಗನ ಮೇಲೆ ಅಯ್ಯೋ ಎನಿಸಿತು. ಸ್ವಂತ ಹೆಸರಿಲ್ಲದೆ, ಬೆತ್ತದ ಭಯಕ್ಕೆ ಎದ್ದು ನಿಲ್ಲುವ ಮಗು. ಆದರೆ ಪಂಪಿನ ಮನೆಯ ಹತ್ತಿರ ನಿಂತಾಗ ಅವನಿಗೆ ಐವತ್ತೊಂಬತ್ತು.

ಪುಸ್ತಕವನ್ನು ಮನೆಗೆ ಒಯ್ಯಬಹುದಿತ್ತು. ಒಯ್ದು ಏನು ಪ್ರಯೋಜನ? ಅಮ್ಮನಿಗೆ ಇಂಗ್ಲಿಷ್ ಬಾರದು. ಅವನು ಕನ್ನಡಕ ಏರಿಸಿ ಓದಿದ್ದೇ ಅರ್ಥ ಅವಳಿಗೆ. ಅವನ ಬಾಯಿಂದಲೇ ಬರಬೇಕಿತ್ತು.

ಭಾನುವಾರ ಮಧ್ಯಾಹ್ನ. ಅವನು ಅಡುಗೆಮನೆಗೆ ಬೆನ್ನು ಹಾಕಿ ಚಾಪೆಯ ಮೇಲೆ ಊಟಕ್ಕೆ ಕೂತಿದ್ದ, ಎದುರಿಗೆ ಅಮ್ಮ, ಅನ್ನದ ಪಾತ್ರೆ ಹಿಡಿದು. "ಇನ್ನೊಂಚೂರು ಹಾಕಿಸ್ಕೊಳೋ, ಹಕ್ಕಿ ಹಂಗೆ ತಿಂತೀಯಲ್ಲ," ಎನ್ನುತ್ತಿದ್ದಳು. ನಾನು ಅಡುಗೆಮನೆಯ ಬಾಗಿಲಲ್ಲಿ, ಅವನ ಬೆನ್ನ ಹಿಂದೆ ನಿಂತೆ. ಅಂಗಡಿಯಿಂದ ತಂದಿದ್ದ ಮರದ ಸ್ಕೇಲನ್ನು ಬಾಗಿಲಿಗೆ ಫಟಾರನೆ ಬಾರಿಸಿ, ಗಂಟಲು ದಪ್ಪ ಮಾಡಿ ಕೂಗಿದೆ.

"ನಾರ್ತ್ ಪ್ರಾಸ್ಪೆಕ್ಟ್, ಸೆವೆಂಟೀನ್!"

ತುತ್ತು ಕೈಯಿಂದ ಬಿತ್ತು. ಸೊಂಟ ನೋವಿನವನು, ಮಂಚದಿಂದ ಏಳಲು ಅಮ್ಮನ ಕೈ ಬೇಕಾದವನು, ಗೋಡೆ ಹಿಡಿಯದೆ ಒಂದೇ ಏಟಿಗೆ ಎದ್ದು ನಿಂತ. ಬೆನ್ನು ನೆಟ್ಟಗೆ, ಎಂಜಲು ಕೈ ತೊಡೆಗೆ ಅಂಟಿಕೊಂಡು.

"ಪ್ರೆಸೆಂಟ್, ಸರ್!"

ಧ್ವನಿ ಮುದುಕನದಾಗಿರಲಿಲ್ಲ.

ಒಂದು ಕ್ಷಣ ಅವನಿಗೇ ಏನಾಯಿತೆಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಮುಖದಲ್ಲಿ ರಕ್ತವೇ ಇರಲಿಲ್ಲ.

"ಏನೇ ಅದು? ಯಾಕೆ ಹಂಗೆ ಕಿರುಚಿದೆ?" ಎಂದಳು ಅಮ್ಮ.

"ಶಾಲೇಲಿ ಮಾವನ್ನ ಕರೀತಿದ್ದ ಹೆಸರಮ್ಮ. ಎಂಟು ವರ್ಷ. ಬೇಕಾದ್ರೆ ಅವನನ್ನೇ ಕೇಳು."

ಅವನು ನನ್ನನ್ನು ನೋಡಲಿಲ್ಲ. "ಅಕ್ಕಾ... ಮೇಲಿನವರು ಹೇಳಿದ್ರು. ಕಾಗದದಲ್ಲಿ ಇರೋದು ಬಿಟ್ಟು ಒಂದಕ್ಷರ ಜಾಸ್ತಿ ಆಡಕೂಡದು ಅಂತ. ಜಾಗದ ಮೇಲೆ ದೊಡ್ಡವರ ಕಣ್ಣಿತ್ತು. ನನಗಿನ್ನೊಂದೇ ವರ್ಷ ಸರ್ವಿಸ್ ಇತ್ತು ಅಕ್ಕ."

ನಾನು ಗೆದ್ದೆ ಎಂದುಕೊಂಡಿದ್ದೆ. ಅಮ್ಮನ ಮುಖ ನೋಡಿದಮೇಲೆ, ಈ ಗೆಲುವು ಯಾರಿಗೆ ಬೇಕಿತ್ತು ಎನಿಸಿತು. ಅವಳು ಅನ್ನದ ಪಾತ್ರೆಗೆ ಮುಚ್ಚಳ ಮುಚ್ಚಿದಳು. ಮಂಜಾದ ಕಣ್ಣು, ಮಂಜಾಗದ ಕಣ್ಣು, ಎರಡರಿಂದಲೂ ನೀರು ಇಳಿಯುತ್ತಿತ್ತು.

"ಅವತ್ತು ನಾನು ಮನೇಲೇ ಇದ್ನಲ್ಲೋ," ಎಂದಳು. "ಇಸ್ತ್ರಿ ಎತ್ತಿ ಹಿಡ್ಕೊಂಡು ನಿನ್ನ ದನಿಗೆ ಕಿವಿಗೊಟ್ಟಿದ್ದೆ. ಅದನ್ನ ಮೂರು ಸಲ ಕೂಗಿದೆಯಲ್ಲ, ಒಂದೇ ಒಂದು ಸಲ ಅಕ್ಕಾ ಅಂತ ಕೂಗಿದ್ರೆ ಓಡಿ ಬರ್ತಿದ್ದೆ."

ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅವನು ಕೈ ತೊಡೆಗೆ ಅಂಟಿಸಿಕೊಂಡು ನಿಂತೇ ಇದ್ದ. ಕೂತ್ಕೋ ಎಂದು ನಾನೂ ಹೇಳಲಿಲ್ಲ, ಅವಳೂ ಹೇಳಲಿಲ್ಲ.