ಪ್ಲಗ್ ವೈರಿಗೆ ಕಟ್ಟಿದ ಅರಿಶಿನದ ದಾರ

ಗೆಳೆಯರ ಹೊಸ ಕಾರುಗಳ ಬಾನೆಟ್ ಎತ್ತಿದರೆ ಈಗ ಕಾಣುವುದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಮುಚ್ಚಳ. ಅದರಡಿ ಏನು ಕೆಟ್ಟಿದೆ ಎಂದು ಕಂಪ್ಯೂಟರು ಹೇಳುತ್ತದೆ, ನಾವು ನಂಬುತ್ತೇವೆ. ವಾದಕ್ಕೆ ಜಾಗವೇ ಇಲ್ಲ. ಅಂಥ ಹೊತ್ತಿನಲ್ಲಿ ಭದ್ರಾವತಿಯ ಓಲ್ಡ್ ಟೌನಿನ ಒಂದು ತಗಡಿನ ಶೆಡ್ಡು ನೆನಪಾಗುತ್ತದೆ. ಕಾದ ಎಂಜಿನ್ನಿನ ಎಣ್ಣೆ ವಾಸನೆ, ಅದರ ಸುತ್ತ ನಿಂತು ಒಟ್ಟಿಗೇ ಮಾತಾಡುತ್ತಿದ್ದ ನಾವು ಮೂವರು.

ಶಂಕರಘಟ್ಟದಲ್ಲಿ ಎಂ.ಎ. ಓದುವಾಗ ನಾನು ಆ ಶೆಡ್ಡಿದ್ದ ದೊಡ್ಡಪ್ಪನ ಮನೆಯಲ್ಲಿದ್ದೆ. ದೊಡ್ಡಪ್ಪ ಕಾರ್ಖಾನೆಯಿಂದ ನಿವೃತ್ತರಾಗಿದ್ದರು. ಇಸ್ತ್ರಿ ಮಾಡದ ಅಂಗಿಯಲ್ಲಿ ಹಾಲು ತರಲೂ ಹೊರಡುತ್ತಿರಲಿಲ್ಲ. ಮನೆಯ ಹಳೆಯ ಬಿಳಿ ಕಾರು ಅವರ ಹೆಸರಿನಲ್ಲಿತ್ತು, ಓಡಿಸುವವಳು ದೊಡ್ಡಮ್ಮ. ಮಕ್ಕಳ ಮದುವೆಯೆಲ್ಲ ಮುಗಿದ ಮೇಲೆ ಡ್ರೈವಿಂಗ್ ಕಲಿತವಳು. ಪ್ರತಿ ಗುರುವಾರ ಶಿವಮೊಗ್ಗದ ದುರ್ಗಿಗುಡಿಗೆ, ತಂಗಿಯ ಮನೆಗೆ ಹೋಗಿ ಸಂಜೆ ಬರುತ್ತಿದ್ದಳು. ಅಲ್ಲೇನು ಕೆಲಸ ಎಂದು ಕೇಳಿದರೆ, "ಕೆಲಸ ಇಲ್ಲ ಅಂತಲೇ ಹೋಗೋದು" ಎನ್ನುತ್ತಿದ್ದಳು.

ಆ ಚಳಿಗಾಲ ಕಾರು ಮಿಸ್ಸಿಂಗ್ ಹೊಡೆಯತೊಡಗಿತು. ಎಂಜಿನ್ನು ನಡುನಡುವೆ ಒಂದು ಏಟು ತಪ್ಪಿ ಕೆಮ್ಮುವುದು, ಗಾಡಿ ಜಗ್ಗುವುದು. ದೊಡ್ಡಮ್ಮ ಅರ್ಧ ದಾರಿಯಿಂದ ವಾಪಸು ಬರುವಂತಾಯಿತು. ಒಬ್ಬ ಮೆಕ್ಯಾನಿಕ್ ಕಾರ್ಬುರೇಟರ್ ತೊಳೆದ, ಇನ್ನೊಬ್ಬ ಪ್ಲಗ್ಗುಗಳನ್ನು ಬದಲಿಸಿದ. ಮಧ್ಯಾಹ್ನ ಓಡಿಸಿ ತೋರಿಸಿ ಹೋಗುತ್ತಿದ್ದರು, ಬೆಳಿಗ್ಗೆ ಮತ್ತದೇ ಕೆಮ್ಮು.

ಕೊನೆಗೆ ದೊಡ್ಡಪ್ಪ ತೀರ್ಪು ಕೊಟ್ಟರು. "ಭಾನುವಾರ ಶಿವಮೊಗ್ಗದಿಂದ ಬ್ರೋಕರ್ ಬರ್ತಾನೆ. ಕೊಟ್ಟುಬಿಡೋಣ. ನಿನಗೇನು, ಬಸ್ಸಿದೆ."

"ಬಸ್ಸಿಗೆ ಹೋಗೋಕೆ ನನಗೆ ಬರಲ್ವಾ?" ಎಂದಳು ದೊಡ್ಡಮ್ಮ. "ಕಾರು ಕಲಿತದ್ದು ಬಸ್ಸು ಸಿಗಲ್ಲ ಅಂತ ಅಲ್ಲ."

ಅಷ್ಟು ಹೇಳಿ ಒಳಗೆ ಹೋದಳು. ಪಾತ್ರೆಗಳ ಸದ್ದು ಎಂದಿಗಿಂತ ಜೋರಾಗಿತ್ತು.

ಚರ್ಚಾಸ್ಪರ್ಧೆಗಳ ಹುಚ್ಚು ನನಗೆ. ತಕ್ಷಣ ಅವಳ ಪರ ನಿಂತೆ. "ದೊಡ್ಡಪ್ಪಾ, ರೋಗ ಯಾವುದು ಅಂತ ಗೊತ್ತಿಲ್ದೆ ಗಾಡಿ ಮಾರೋದು ಸೋಲೊಪ್ಪಿಕೊಂಡ ಹಾಗೆ."

"ರೋಗ ಪೆಟ್ರೋಲಿಂದು ಮಾರಾಯ. ಎಲ್ಲಾ ಕಲಬೆರಕೆ."

"ಹಾಗಿದ್ರೆ ಮಧ್ಯಾಹ್ನಾನೂ ಕೆಮ್ಮಬೇಕಿತ್ತಲ್ಲ? ಅದೇ ಟ್ಯಾಂಕು, ಅದೇ ಪೆಟ್ರೋಲು."

ಅವರು ಕನ್ನಡಕ ಒರೆಸಿಕೊಂಡರು. ಉತ್ತರ ಹೊಳೆಯದಿದ್ದರೆ ಅವರು ಮಾಡುತ್ತಿದ್ದದ್ದು ಅದೇ.

ಮಾರನೆಯ ಬೆಳಿಗ್ಗೆ ಶೆಡ್ಡಿನ ಬಾಗಿಲು ಪೂರ್ತಿ ತೆರೆದಿಟ್ಟು ಕಾರು ಸ್ಟಾರ್ಟ್ ಮಾಡಿದೆವು. ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ಗುಗಳಿಗೆ ಕರೆಂಟು ಒಯ್ಯುವ ನಾಲ್ಕು ದಪ್ಪ ವೈರುಗಳು ಎಂಜಿನ್ನಿನ ಮೇಲೆ ಹಾದುಹೋಗುತ್ತಿದ್ದವು. ಅವುಗಳ ನಡುಭಾಗ ಮಾತ್ರ ಕಾಣುತ್ತಿರಲಿಲ್ಲ. ಪ್ರತಿ ಆಯುಧಪೂಜೆಗೂ ದೊಡ್ಡಮ್ಮ ಎಂಜಿನ್ನಿಗೆ ವಿಭೂತಿ ಹಚ್ಚಿ, ನಾಲ್ಕೂ ವೈರು ಸೇರಿಸಿ ಅರಿಶಿನದ ದಾರ ಸುತ್ತುತ್ತಿದ್ದಳು. ಗಾಡಿಯ ಪ್ರಾಣ ಓಡಾಡುವ ಜಾಗ ಅದು ಎಂದು ಅವಳ ಲೆಕ್ಕ. ಕಟ್ಟಿದ ದಾರವನ್ನು ಕತ್ತರಿಸುವಂತಿಲ್ಲ, ತಾನಾಗಿ ಹರಿದು ಬೀಳಬೇಕು. ಹಾಗಾಗಿ ವರ್ಷದ ಮೇಲೆ ವರ್ಷದ ದಾರ ಕೂತು ಅಲ್ಲೊಂದು ಹಳದಿ ಗಡ್ಡೆಯೇ ಬೆಳೆದಿತ್ತು. ಬಂದ ಮೆಕ್ಯಾನಿಕ್ಕುಗಳೂ ಅಷ್ಟೇ. ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಪಕ್ಕದ ಬೋಲ್ಟಿಗೆ ಕೈ ಹಾಕುತ್ತಿದ್ದರು.

"ಮಂಜಿನಲ್ಲಿ ಕೆಮ್ಮುತ್ತೆ, ಬಿಸಿಲಲ್ಲಿ ಇಲ್ಲ. ಅಂದ್ರೆ ತೇವ ಎಲ್ಲೋ ಕೂರ್ತಿದೆ" ಎಂದೆ. ಆ ದಿನ ಮಂಜಿರಲಿಲ್ಲ. ದೊಡ್ಡಪ್ಪನ ಇಸ್ತ್ರಿ ನೀರಿನ ಸ್ಪ್ರೇ ಬಾಟಲಿ ತಂದೆ. ಮೊದಲು ವೈರುಗಳ ತುದಿಗೆ ಸಣ್ಣಗೆ ಹೊಡೆದೆ. ಎಂಜಿನ್ನು ಒಂದೇ ಸಮ ಓಡಿತು. ದಾರದ ಗಡ್ಡೆಗೆ ಹೊಡೆದದ್ದೇ ತಡ, ಗುರ್ ಎಂದು ತಪ್ಪಿತು. ಬಾನೆಟ್ಟಿನ ನೆರಳಿನಲ್ಲಿ ದಾರದಡಿಯಿಂದ ಎಂಜಿನ್ನಿನ ಕಬ್ಬಿಣಕ್ಕೆ ಸಣ್ಣ ನೀಲಿ ಕಿಡಿ ಹಾರಿತು. ಟಿಕ್, ಟಿಕ್, ಟಿಕ್.

"ನೋಡಿದ್ಯಾ, ನಿನ್ನ ಪೂಜೆಯ ಫಲ" ಎಂದರು ದೊಡ್ಡಪ್ಪ, ಹೆಂಡತಿಗೆ.

"ಕಟ್ಟಿದ್ದು ನಾನು. ಕಣ್ಣಿಗೊತ್ತಿಕೊಂಡು ಹೋದವರು ಗಂಡಸರು" ಎಂದಳು ಅವಳು.

ಎಂಜಿನ್ ಆಫ್ ಮಾಡಿ ಕತ್ತರಿ ಎತ್ತಿಕೊಂಡೆ. ಅವಳು ನನ್ನ ಕೈ ಹಿಡಿದಳು.

"ಕತ್ತರಿಸ್ಬೇಡ."

"ದೊಡ್ಡಮ್ಮ, ಇದು ಬರೀ ದಾರ. ದಾರ ಇರ್ಬೇಕೋ, ಕಾರು ಇರ್ಬೇಕೋ?"

"ನಿನ್ನ ಭಾಷಣ ಕಾಲೇಜಲ್ಲಿ ಮಾಡು. ಬಿಚ್ಚಬೇಡ ಅಂದ್ನಾ ನಾನು? ಕತ್ತರಿ ಬೇಡ ಅಂದೆ."

ಎಂಜಿನ್ ಆರುವವರೆಗೆ ಕಾದು, ಮಣೆ ತಂದಿಟ್ಟು ಅದರ ಮೇಲೆ ನಿಂತು, ಒಂದೊಂದೇ ಗಂಟನ್ನು ಉಗುರಿನಿಂದ ಬಿಡಿಸಿದಳು. ಎಷ್ಟೋ ಹೊತ್ತು ಹಿಡಿಯಿತು. ಒಂದು ಗಂಟು ಬಿಡಿಸುತ್ತ, "ಇದು ಅತ್ತೆ ಇದ್ದಾಗಿನದು" ಎಂದಳು. ಆಗ ನಾನು ಕತ್ತರಿಯನ್ನು ಒಳಗಿಟ್ಟು ಬಂದೆ. ದೊಡ್ಡಪ್ಪ ಟಾರ್ಚ್ ಹಿಡಿದರು. ನಿಂತಿದ್ದ ರೀತಿ ನೋಡಿದರೆ ಮಂಗಳಾರತಿ ತಟ್ಟೆ ಹಿಡಿದಂತಿತ್ತು. ಆ ಚಿತ್ರ ಇಂದಿಗೂ ಕಣ್ಣ ಮುಂದಿದೆ. ದಾರವೆಲ್ಲ ದಾಸವಾಳದ ಗಿಡದ ಬುಡ ಸೇರಿತು. ಬಿಗಿದು ಕಟ್ಟಿದ್ದರಿಂದ ವೈರುಗಳು ಎಂಜಿನ್ನಿನ ಅಂಚಿಗೆ ಒತ್ತಿಕೊಂಡು, ಅದುರಿ ಅದುರಿ ರಬ್ಬರು ಸವೆದಿತ್ತು. ತೇವವನ್ನು ದಾರ ಹಿಡಿದಿಟ್ಟುಕೊಳ್ಳುತ್ತಿತ್ತು, ಕರೆಂಟು ಪ್ಲಗ್ಗು ತಲುಪುವ ಮೊದಲೇ ಅಲ್ಲಿ ಸೋರಿಹೋಗುತ್ತಿತ್ತು. ಶಿವಮೊಗ್ಗದಿಂದ ಹೊಸ ವೈರುಗಳನ್ನು ತಂದು, ಹಳೆಯದೊಂದನ್ನು ತೆಗೆದು ಅದೇ ಜಾಗಕ್ಕೆ ಹೊಸದೊಂದು ಹಾಕುತ್ತ ಬದಲಿಸಿದೆ. ಮತ್ತೆ ನೀರು ಹೊಡೆದರೂ ಎಂಜಿನ್ನು ಜಗ್ಗಲಿಲ್ಲ.

ನಾನು ಗೆದ್ದೆ ಅಂದುಕೊಂಡಿದ್ದೆ. ಭಾನುವಾರ ಬ್ರೋಕರ್ ಬಂದ. ಸ್ಟಾರ್ಟ್ ಮಾಡಿಸಿ ಕೇಳಿ, "ಎಂಜಿನ್ ಮಸ್ತ್ ಇದೆ ಸಾರ್" ಎಂದ. ದೊಡ್ಡಪ್ಪನ ಮುಖ ಅರಳಿತು.

"ಕೇಳಿದ್ಯಾ ಮಾರಾಯ? ಚೆನ್ನಾಗಿ ಓಡ್ತಿರುವಾಗ್ಲೇ ಕೊಡ್ಬೇಕು. ನಾಳೆ ಇನ್ನೇನೋ ಕೆಡುತ್ತೆ."

ಕೆಟ್ಟಿದ್ದಾಗ ಮಾರಲು ಒಂದು ಕಾರಣ, ಸರಿಯಾದಾಗ ಮಾರಲು ಇನ್ನೊಂದು. ನಾನು ದುರಸ್ತಿ ಮಾಡಿದ್ದು ಅವರ ಪಕ್ಷಕ್ಕೇ ಬಲ ತಂದಿತ್ತು. ಅಷ್ಟರಲ್ಲಿ ದೊಡ್ಡಮ್ಮ ಸೀರೆ ಬದಲಿಸಿ, ಕೈಯಲ್ಲಿ ಬ್ಯಾಗು ಹಿಡಿದು ಬಂದಳು.

"ಬನ್ನಿ, ಟ್ರಯಲ್ ನೋಡಿ. ನಾನೇ ಓಡಿಸ್ತೀನಿ" ಎಂದು ಬ್ರೋಕರನನ್ನು ಹತ್ತಿಸಿಕೊಂಡು ಹೊರಟಳು.

ಊಟದ ಹೊತ್ತಾದರೂ ಕಾರಿನ ಸುಳಿವಿಲ್ಲ. ದೊಡ್ಡಪ್ಪ ಗೇಟಿನವರೆಗೆ ಹೋಗುವುದು, ಬರುವುದು. ಆಮೇಲೆ ಫೋನು ಬಂತು. ಅವರು ಸ್ಪೀಕರ್ ಹಾಕಿದರು.

"ಎಲ್ಲಿದೀಯೆ?"

"ದುರ್ಗಿಗುಡೀಲಿ. ತಂಗಿ ಮನೇಲಿ."

"ಬ್ರೋಕರ್?"

"ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ಇಳಿಸ್ದೆ. ಕೊಡಲ್ಲ ಅಂತ ದಾರೀಲೇ ಹೇಳ್ಬಿಟ್ಟೆ. ಪಾಪ, ಒಳ್ಳೆಯವನು. ಬಿಟ್ಟಿದ್ದಕ್ಕೆ ಥ್ಯಾಂಕ್ಸ್ ಅಂದ."

"ಇವತ್ತು ಗುರುವಾರ ಅಲ್ವಲ್ಲೇ."

"ತಪ್ಪಿಹೋದ ಗುರುವಾರಗಳು ಬಾಕಿ ಇದಾವಲ್ಲ, ಅದಕ್ಕೆ. ಸಂಜೆ ಬರ್ತೀನಿ."

ದೊಡ್ಡಪ್ಪ ಫೋನನ್ನು ಮೇಜಿನ ಮೇಲಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿದರು.

"ಅಡುಗೆಮನೇಲಿ ಏನಿದೆ ನೋಡು ಮಾರಾಯ" ಎಂದರು. "ಅನ್ನಕ್ಕಿಡೋಕಾದ್ರೂ ಬರುತ್ತಾ ನಿನಗೆ?"