ಕಾಗದಕ್ಕೆ ಸಹಿ ಹಾಕಿದವರು

ನನ್ನ ಮಗಳ ಹೆಸರನ್ನು ಚರ್ಚಿನ ಸಭೆಯ ಪುಸ್ತಕದಿಂದ ತೆಗೆಯಬೇಕು ಎಂದು ಬರೆದ ಕಾಗದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಯಾರೂ ಕೈ ಹಿಡಿದು ಹಾಕಿಸಿದ್ದಲ್ಲ. ನಾಲ್ಕನೇ ಕ್ಲಾಸಿನ ತನಕ ಕಲಿತವಳು. ಸಹಿ ಹಾಕಲು ಬರುತ್ತಿತ್ತು, ಹಾಕಿದೆ.

ಅದು ಎಪ್ಪತ್ತರ ದಶಕದ ಮಾತು. ಕಬಕದ ಹತ್ತಿರದ ನಮ್ಮ ಚರ್ಚು ಚಿಕ್ಕದು, ಆದರೆ ಅದರ ಬಗ್ಗೆ ನಮಗಿದ್ದ ಜಂಬ ಚಿಕ್ಕದಲ್ಲ. ಅಲ್ಲಿ ಯಾರೂ ಯಾರ ಹಿಂದಿನ ಜಾತಿ ಕೇಳುತ್ತಿರಲಿಲ್ಲ. ಶೇಂದಿ ಇಳಿಸುತ್ತಿದ್ದವರ ಮಕ್ಕಳು, ಹಂಚಿನ ಕಾರ್ಖಾನೆಯವರು, ಶಾಲೆಯ ಮಾಸ್ಟ್ರು ಎಲ್ಲರೂ ಕರ್ತನ ಭೋಜನದ ದಿನ ಒಂದೇ ಪಾತ್ರೆಗೆ ಬಾಯಿಯಿಟ್ಟು ದ್ರಾಕ್ಷಾರಸ ಕುಡಿಯುತ್ತಿದ್ದೆವು. ಸಮಿತಿಗೆ ಹೆಂಗಸರನ್ನು ಸೇರಿಸಿದ್ದೂ ಸುತ್ತಮುತ್ತ ನಾವೇ ಮೊದಲು. ಹಾಗೆ ಸೇರಿದವಳು ನಾನು. ಎಲ್ಲರಿಗೂ ಜಾಗ ಇರುವ ಸಭೆ ನಮ್ಮದು ಎಂದು ಹೋದಲ್ಲಿ ಬಂದಲ್ಲಿ ಹೇಳುತ್ತಿದ್ದೆವು.

ಮಗಳು ಮದುವೆಯಾದದ್ದು ಸುಳ್ಯದ ಕಡೆಯ ಗೌಡರ ಹುಡುಗನನ್ನು. ಬಸ್ಸು ಓಡಿಸುತ್ತಿದ್ದ; ಮನೆಯಲ್ಲಿ ಅರೆಭಾಷೆ, ದಾರಿಯಲ್ಲಿ ತುಳು. ಪುತ್ತೂರಿನಲ್ಲಿ ರಿಜಿಸ್ಟರ್ ಮದುವೆ. ಕ್ರೈಸ್ತನಾಗುವ ದೀಕ್ಷಾಸ್ನಾನ ತನಗೆ ಬೇಡ ಎಂದು ಅವನು, ತಾನು ಚರ್ಚು ಬಿಡುವುದಿಲ್ಲ ಎಂದು ಅವಳು. ನಮ್ಮ ನಿಯಮ ಹೀಗಿತ್ತು: ಹೊರಗಿನವರನ್ನು ಹಾಗೆ ಮದುವೆಯಾದವರ ಹೆಸರು ತೆಗೆಯಬೇಕು, ಅವರು ಸಭೆಯ ಮುಂದೆ ಎದ್ದು ನಿಂತು ತಪ್ಪೊಪ್ಪಿಕೊಂಡರೆ ತಿರುಗಿ ಸೇರಿಸಬೇಕು. ಸಮಿತಿಯಲ್ಲಿ ನಾವು ಆರು ಜನ. ಆರೂ ಜನ ಸಹಿ ಹಾಕಿದೆವು. ಎರಡು ತಿಂಗಳಲ್ಲಿ ಅಳುತ್ತಾ ಬಂದು ಒಪ್ಪಿಕೊಳ್ಳುತ್ತಾಳೆ ಎಂದು ನಾನು ಎಣಿಸಿದ್ದೆ.

ಅವಳು ಬಂದಳು, ಅಳಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಪ್ರತಿ ಆದಿತ್ಯವಾರ ಕೊನೆಯ ಬೆಂಚಿನಲ್ಲಿ ಕೂತು ಹಾಡುತ್ತಿದ್ದಳು. ಭೋಜನದ ದಿನ ನಾವೆಲ್ಲ ಮೇಜಿನ ಹತ್ತಿರ ಹೋಗುವ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗುತ್ತಿದ್ದಳು. ಒಂಬತ್ತು ವರ್ಷ ಹೀಗೇ ನಡೆಯಿತು. ನಾನು ಅವಳ ಮನೆಗೆ ಹೋಗುತ್ತಿದ್ದೆ, ಬಾಣಂತನವನ್ನೂ ಮಾಡಿದೆ. ಆ ಕಾಗದದ ಸುದ್ದಿ ಮಾತ್ರ ನಾವಿಬ್ಬರೂ ತೆಗೆಯುತ್ತಿರಲಿಲ್ಲ.

ಅಷ್ಟರಲ್ಲಿ ಹಂಚಿನ ಕೆಲಸ ಕಡಿಮೆಯಾಯಿತು. ಕೆಲವರು ಮಂಗಳೂರಿಗೆ ಹೋದರು, ಕೆಲವರು ಬೊಂಬಾಯಿಗೆ, ಕೆಲವರು ಮಣ್ಣಿಗೆ. ಎಂಬತ್ತರ ದಶಕದಲ್ಲಿ ಬಿಷಪರ ಆಫೀಸಿನಿಂದ ಒಂದು ಪತ್ರ ಬಂತು. ಮುಂದಿನ ಭೋಜನಕ್ಕೆ ಇಪ್ಪತ್ತು ಜನವಾದರೂ ಹೆಸರು ಕೊಡದಿದ್ದರೆ ನಮ್ಮ ಸಭೆಯನ್ನು ಪುತ್ತೂರಿಗೆ ಸೇರಿಸುತ್ತೇವೆ, ಅಯ್ಯನವರು ಇಲ್ಲಿ ಇರುವುದಿಲ್ಲ ಎಂದು. ನಮ್ಮಲ್ಲಿ ಅಯ್ಯನವರು ಎಂದರೆ ಪಾದ್ರಿ. ಭೋಜನದ ಹಿಂದಿನ ಶನಿವಾರ ಸಂಜೆ ಅವರೆದುರು ಕೂತು ಹೆಸರು ಕೊಡುವುದು ನಮ್ಮ ಹಳೆಯ ಕ್ರಮ. ಎಷ್ಟು ಎಣಿಸಿದರೂ ಹತ್ತೊಂಬತ್ತೇ ಆಗುತ್ತಿತ್ತು.

ಆ ಕಾಗದಕ್ಕೆ ಸಹಿ ಹಾಕಿದವರಲ್ಲಿ ನನ್ನನ್ನು ಬಿಟ್ಟರೆ ಉಳಿದದ್ದು ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಮುದುಕ ಒಬ್ಬರೇ. ಚರ್ಚಿನ ಮಾಡಿನ ಒಂದೊಂದು ಹಂಚೂ ಅವರಿಗೆ ಗೊತ್ತು. ಅವರು ನಮ್ಮಲ್ಲಿಗೆ ಬಂದರು.

"ಮಗಳ ಹತ್ರ ಹೇಳಿ ಮಾರಾಯ್ರೆ. ಒಂದು ಸಲ ಎದ್ದು ನಿಂತು 'ತಪ್ಪಾಯ್ತು' ಅಂದ್ರೆ ಮುಗೀತು. ಇಪ್ಪತ್ತು ಆಗ್ತದೆ."

ನನಗೂ ಅದು ಸರಿ ಎಂದೇ ಕಂಡಿತು. ಹೋದೆ. ಮಗಳು ಹಿತ್ತಿಲಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ವಿಷಯ ಹೇಳಿದೆ.

"ಅಮ್ಮ, ಮೀನು ಬೇಕಾದ್ರೆ ತಕೊಂಡು ಹೋಗು. ತಪ್ಪೊಪ್ಪಿಗೆ ಇಲ್ಲಿ ಇಲ್ಲ," ಎಂದಳು.

"ಒಂದು ಮಾತು ಹೇಳ್ಲಿಕ್ಕೆ ನಿನಗೆ ಎಂತ ಕಷ್ಟ?"

"ಎಂತ ತಪ್ಪು ಅಂತ ಹೇಳುದು? ಇವರಾ? ಈ ಮಕ್ಕಳಾ? ಇಷ್ಟು ವರ್ಷ ನಾನು ಬೇಡ ಆಗಿದ್ದೆ. ಈಗ ಲೆಕ್ಕಕ್ಕೆ ಒಂದು ತಲೆ ಕಡಿಮೆ ಉಂಟು, ಅದಕ್ಕೆ ಬಂದದ್ದಲ್ವಾ ನೀನು?"

"ಹೌದು," ಎಂದೆ. ಸುಳ್ಳು ಹೇಳಿ ಎಂತ ಪ್ರಯೋಜನ?

ಒಳಗಿನಿಂದ ಅಳಿಯ ಕೂಗಿದ. "ಅತ್ತೆ, ಈ ತಪ್ಪು ನಿಮಗೆ ಚಾ ಮಾಡಿಕೊಟ್ರೆ ಕುಡೀತೀರಾ?"

ಮಗಳು ನಕ್ಕಳು. ನನಗೆ ನಗು ಬರಲಿಲ್ಲ. ಚಾ ಕುಡಿದು ಬಂದೆ. ಬರುವ ದಾರಿಯಲ್ಲಿ ಲೆಕ್ಕ ಹಾಕಿದೆ. ಬೊಂಬಾಯಿಗೆ ಹೋಗಿ ತಿರುಗಿ ನೋಡದವರ ಹೆಸರು ಪುಸ್ತಕದಲ್ಲಿ ಹಾಗೇ ಇತ್ತು. ವಾರ ತಪ್ಪದೆ ಬರುತ್ತಿದ್ದವಳ ಹೆಸರು ಇರಲಿಲ್ಲ. ಅದನ್ನು ತೆಗೆದ ಕೈ ನನ್ನದು.

ಶನಿವಾರ ಸಂಜೆ ಎಲ್ಲರೂ ಸೇರಿದರು. ಅಯ್ಯನವರು ಪೆನ್ನು ತೆಗೆಯುವ ಮೊದಲೇ ನಾನು ಎದ್ದೆ.

"ನನ್ನ ಮಗಳನ್ನು ಹೊರಗೆ ಹಾಕಿದ್ದು ತಪ್ಪು. ಆ ಕಾಗದಕ್ಕೆ ಸಹಿ ಹಾಕಿದ್ದು ನನ್ನ ತಪ್ಪು. ಎದ್ದು ನಿಂತು ಹೇಳ್ಬೇಕು ಅಂತ ನಿಯಮ ಉಂಟಲ್ಲ, ಹೇಳಿದ್ದೇನೆ. ಅವಳ ಹೆಸರು ಬರ್ಕೊಳ್ಳಿ." ಮತ್ತೆ ಮೇಸ್ತ್ರಿಯ ಕಡೆಗೆ ತಿರುಗಿದೆ. "ಸಹಿ ಹಾಕಿದವರಲ್ಲಿ ಉಳಿದದ್ದು ನಾವಿಬ್ಬರೇ. ನಿಮ್ಮದು ನೀವು ಹೇಳಿ."

ಅವರ ಮುಖ ಕಪ್ಪಾಯಿತು. "ನಿಮ್ಗೆ ತಲೆ ಸರಿ ಉಂಟಾ? ನಾನು ನಿಯಮ ನೋಡಿ ಸಹಿ ಹಾಕಿದ್ದು. ಅವಳು ನಿಲ್ಬೇಕಾದಲ್ಲಿ ನಾನು ನಿಲ್ಲುದಾ, ಈ ಪ್ರಾಯದಲ್ಲಿ?"

ಅಯ್ಯನವರು ಮೆಲ್ಲ ಹೇಳಿದರು, "ನಿಮ್ಮನ್ನು ಯಾರೂ ಒತ್ತಾಯ ಮಾಡುದಿಲ್ಲ. ಅವಳನ್ನು ಸೇರಿಸ್ಲಿಕ್ಕೆ ಒಪ್ಪಿಗೆ ಉಂಟಾ ಅಂತ ಸಭೆಯನ್ನು ಕೇಳ್ತೇನೆ, ಅಷ್ಟೇ."

ಕೈಗಳು ಎದ್ದವು. ಎಲ್ಲವೂ ಅಲ್ಲ, ಸಾಕಾಗುವಷ್ಟು. ಹೆಸರು ಬರೆದಾಯಿತು. ಮೇಸ್ತ್ರಿ ಎದ್ದರು. "ಹಾಗಾದ್ರೆ ನನ್ನ ಹೆಸರು ಬೇಡ," ಎಂದು ಮೆಟ್ಟಿಲು ಇಳಿದು ಹೋದರು. ಹೆಸರು ಮತ್ತೆ ಹತ್ತೊಂಬತ್ತೇ ಆಯಿತು.

ಅವರ ಹಿಂದೆ ಓಡಿ ಕರೆಯಬಹುದಿತ್ತು. ಕರೆದಿದ್ದರೆ, ಆಡಿದ ಮಾತು ಹಿಂದೆ ತೆಗೆದುಕೊಳ್ಳಿ ಎನ್ನುತ್ತಿದ್ದರು. ನಾನು ಕೂತಲ್ಲೇ ಕೂತೆ. ಹೇಗಾದರೂ ಅವರ ಹೆಸರು ಸೇರಿಸಿ ಕಳಿಸುವ ಎಂದು ಯಾರೋ ಹೇಳಿದರು. ಮೇಜಿಗೆ ಬಾರದವರ ಹೆಸರು ಬರೆಯುವುದಿಲ್ಲ ಎಂದರು ಅಯ್ಯನವರು.

ಆ ರಾತ್ರಿಯೇ ಹೋಗಿ ಮಗಳಿಗೆ ನಡೆದದ್ದನ್ನು ಹೇಳಿದೆ. ಮರುದಿನ ಅವಳು ನನ್ನ ಪಕ್ಕದಲ್ಲಿ ನಿಂತು, ನನ್ನ ನಂತರ ಕುಡಿದಳು. ಅವಳೂ ಅಳಲಿಲ್ಲ, ನಾನೂ ಅಳಲಿಲ್ಲ.

ಮಳೆಗಾಲ ಮುಗಿಯುವ ಮೊದಲು ನಮ್ಮನ್ನು ಪುತ್ತೂರಿಗೆ ಸೇರಿಸಿದರು. ಅಯ್ಯನವರ ಮನೆಗೆ ಬೀಗ ಬಿತ್ತು. ತಿಂಗಳಿಗೊಮ್ಮೆ ಪುತ್ತೂರಿನಿಂದ ಒಬ್ಬರು ಬಂದು ಆರಾಧನೆ ನಡೆಸುತ್ತಿದ್ದರು. ಉಳಿದ ವಾರ ನಾವೇ ಕೂತು ಹಾಡುವುದು; ಮಗಳು ಬೈಬಲ್ ಓದುವುದು. ಮೇಸ್ತ್ರಿ ತಮ್ಮ ಜಗಲಿಯಿಂದ ನಮ್ಮ ಚರ್ಚು ಕಾಣುತ್ತಿದ್ದರೂ ಬಸ್ಸು ಹತ್ತಿ ಪುತ್ತೂರಿಗೆ ಹೋಗುತ್ತಿದ್ದರು. ಎರಡು ವರ್ಷ ಹಾಗೆ ಹೋದರು. ತೀರಿಕೊಂಡಾಗ ನಮ್ಮ ಚರ್ಚಿನ ಗುಡ್ಡೆಯಲ್ಲೇ ಮಣ್ಣು ಮಾಡಿದೆವು. ಹೊರಲು ಗಂಡಸರು ಸಾಲದೆ ನನ್ನ ಅಳಿಯನೂ ಹೆಗಲು ಕೊಟ್ಟ.

ನನ್ನ ಬಾಯಿಯಿಂದಲೇ ಸಭೆ ಹೋಯಿತು ಎಂದು ಹೇಳುವವರು ಈಗಲೂ ಇದ್ದಾರೆ. ಅದು ಸುಳ್ಳಲ್ಲ. ಆದರೆ ಆ ಮಾತು ಆಡಿದ್ದಕ್ಕೆ ನನಗೆ ಬೇಸರ ಇಲ್ಲ, ತಡವಾಗಿ ಆಡಿದ್ದಕ್ಕೆ ಉಂಟು. ಮಗಳ ಹೆಸರು ತೆಗೆದ ವರ್ಷ ನಾವು ಅರವತ್ತಕ್ಕಿಂತ ಹೆಚ್ಚು ಜನ ಇದ್ದೆವು. ಆಗಲೇ ಹೇಳಿದ್ದರೆ, ಸಿಟ್ಟು ಮಾಡಿ ನಾಲ್ಕು ಜನ ಎದ್ದು ಹೋಗಿದ್ದರೂ ಸಭೆ ಉಳಿಯುತ್ತಿತ್ತು.